ಮುದುವೊೞಲಿನ ೞಕಾರ: ಡಿಟಿಪಿ ತಂತ್ರಾಂಶದ ಕುಸಿತ ಮತ್ತು ಹಳಗನ್ನಡದ ಪಾಠ

ಹತ್ತನೆಯ ಶತಮಾನದ ಚಂಪೂಕವಿ ರನ್ನ ಬಳೆಗಾರರ ಮನೆತನದಲ್ಲಿ ಹುಟ್ಟಿದ ಊರು ಇಂದಿನ ಮುಧೋಳ. ಅಂದಿನ ಅದರ ಹೆಸರು ಮುದುವೊೞಲ್. ‘ಪೊೞಲ್’ ಎಂದರೆ ಪಟ್ಟಣ. ಮುದುವೊೞಲ್ ಎಂದರೆ ಹಳೆಯ ಪಟ್ಟಣ. ಈ ಹೆಸರಿನಲ್ಲಿರುವ ೞ ಎಂಬ ಅಕ್ಷರವನ್ನು ವೈಯಾಕರಣರು ‘ರಳ’ವೆಂದು ಕರೆದರು. ಮಾತಿನಿಂದ ಅದು ಮರೆಯಾಗಿ ಶತಮಾನಗಳೇ ಕಳೆದಿವೆ; ಹಳಗನ್ನಡ ಗ್ರಂಥಗಳ ಪುಟಗಳಲ್ಲಿ ಮಾತ್ರ ಉಳಿದಿದೆ. ಆ ಪುಟಗಳು ಇಂದು ಸಿದ್ಧವಾಗುವುದು ಡಿಟಿಪಿ ತಂತ್ರಾಂಶಗಳಲ್ಲಿ. ತಂತ್ರಾಂಶ ನಡುವೆ ಕುಸಿದಾಗ ಅಕ್ಷರಜೋಡಣೆ ಮಾಡುವವರಿಗೆ ಪುಟ ಹೋಯಿತೆಂಬ ಚಿಂತೆ. ಸಂಪಾದಕನಿಗೆ ಇರಬೇಕಾದ ಚಿಂತೆ ಬೇರೆ: ಪುಟವನ್ನು ಉಳಿಸಿಕೊಂಡ ಬಳಿಕ ೞ ಉಳಿಯಿತೇ ಎಂಬುದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂತಹ ಊರುಗಳಲ್ಲಿ ಮೊಳೆ ಜೋಡಿಸುವ ಮುದ್ರಣಾಲಯಗಳ ಸ್ಥಾನಕ್ಕೆ ಡಿಟಿಪಿ ಅಂಗಡಿಗಳು ಬಂದವು. ಲಗ್ನಪತ್ರಿಕೆ, ಕರಪತ್ರ, ಜಾತ್ರೆಯ ಭಿತ್ತಿಪತ್ರಗಳನ್ನು ಮಾಡುವ ಮೇಜಿನ ಮೇಲೆಯೇ ಸ್ಮರಣಸಂಚಿಕೆ, ಸ್ಥಳೀಯ ಇತಿಹಾಸ, ಬಸದಿಯ ಶಾಸನಪಾಠಗಳೂ ರೂಪುಗೊಳ್ಳುತ್ತವೆ. ಈ ಕಾಯಕಕ್ಕೆ ಬಹುಕಾಲ ಆಧಾರವಾಗಿದ್ದುದು ಪೇಜ್‌ಮೇಕರ್. 1985ರಲ್ಲಿ ಆಲ್ಡಸ್ ಸಂಸ್ಥೆ ಅದನ್ನು ಹೊರತಂದಿತು, 1994ರಲ್ಲಿ ಅದು ಅಡೋಬಿಯ ಪಾಲಾಯಿತು, 2001ರ 7.0 ಆವೃತ್ತಿಯೇ ಕೊನೆಯದಾಯಿತು. ಕಂಪನಿ ಇನ್‌ಡಿಸೈನ್‌ನತ್ತ ಹೊರಳಿದರೂ ಕನ್ನಡದ ಸಣ್ಣ ಊರುಗಳು ಪೇಜ್‌ಮೇಕರನ್ನು ಬೇಗ ಬಿಡಲಿಲ್ಲ. ಕೈಗೆ ಅದರ ರೂಢಿಯಾಗಿತ್ತು, ಹಳೆಯ ಫೈಲುಗಳೆಲ್ಲ ಅದರಲ್ಲಿದ್ದವು, ಕನ್ನಡದ ಫಾಂಟುಗಳು ಅದಕ್ಕೇ ಹೊಂದಿಕೊಂಡಿದ್ದವು.

ಈ ಹೊಂದಾಣಿಕೆಯ ಸ್ವರೂಪವನ್ನು ತಿಳಿಯದೆ ಮುಂದಿನ ತೊಡಕು ಅರ್ಥವಾಗುವುದಿಲ್ಲ. ನುಡಿ, ಬರಹ, ಶ್ರೀಲಿಪಿ, ಆಕೃತಿ, ಪ್ರಕಾಶಕಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕುಳಿತಿರುತ್ತಿದ್ದವು. ಗಣಕಕ್ಕೆ ತಿಳಿದಿದ್ದುದು ರೋಮನ್ ಚಿಹ್ನೆಗಳು ಮಾತ್ರ. ಅವುಗಳ ಮೇಲೆ ಫಾಂಟು ಕನ್ನಡದ ಮುಖವಾಡ ತೊಡಿಸುತ್ತಿತ್ತು. ಲಭ್ಯವಿದ್ದ ಸ್ಥಾನಗಳು ಗರಿಷ್ಠ 256. ಅಷ್ಟರಲ್ಲಿಯೇ ಕಾಗುಣಿತದ ತುಂಡುಗಳು, ಒತ್ತಕ್ಷರಗಳು, ಅಂಕಿಗಳೆಲ್ಲ ಹಿಡಿಯಬೇಕು. ಇಂತಹ ಇಕ್ಕಟ್ಟಿನಲ್ಲಿ ದಿನಬಳಕೆಗೆ ಬಾರದ ಱ, ೞಗಳಿಗೆ ಎಲ್ಲ ಫಾಂಟುಗಳಲ್ಲಿ ಒಂದೇ ಬಗೆಯ ಆಶ್ರಯ ಸಿಗಲಿಲ್ಲ. ಒಬ್ಬರ ಫಾಂಟಿನ ಏರ್ಪಾಡು ಇನ್ನೊಬ್ಬರದಕ್ಕೆ ಹೊಂದುತ್ತಲೂ ಇರಲಿಲ್ಲ.

ತಂತ್ರಾಂಶ ಪದೇ ಪದೇ ಕುಸಿಯಲು ಕಾರಣಗಳು ಹಲವು. ಕೆಟ್ಟುಹೋದ ಒಂದು ಫಾಂಟು ಸಾಕು. ಆ ಫಾಂಟಿನ ಸಾಲು ತೆರೆಯ ಮೇಲೆ ಬಂದೊಡನೆ ತಂತ್ರಾಂಶ ಮುಚ್ಚಿಕೊಳ್ಳಬಹುದು. ಹಾಳಾದ ಚಿತ್ರವೊಂದು ಪುಟದಲ್ಲಿ ಸೇರಿದ್ದರೂ ಹಾಗೆಯೇ. ಪೇಜ್‌ಮೇಕರ್ ಪುಟದ ಅಳತೆಗಾಗಿ ಮುದ್ರಕವನ್ನು ನೆಚ್ಚಿಕೊಂಡಿರುವುದರಿಂದ ಗಣಕದಲ್ಲಿ ಡೀಫಾಲ್ಟ್ ಪ್ರಿಂಟರ್ ಇಲ್ಲದಿದ್ದರೆ ಅದು ತೊಂದರೆ ಕೊಡುತ್ತದೆ. ‘ಸೇವ್’ ಎಂದಾಗಲೆಲ್ಲ ಬದಲಾವಣೆಗಳು ಹಳೆಯ ಫೈಲಿನ ಬಾಲಕ್ಕೆ ಸೇರುತ್ತ ಹೋಗಿ ಫೈಲು ಊದಿಕೊಳ್ಳುತ್ತದೆ. ‘ಸೇವ್ ಆ್ಯಸ್’ ಎಂದು ಬೇರೆ ಹೆಸರು ಕೊಟ್ಟರೆ ಅದು ಹೊಸದಾಗಿ ಬರೆಯಲ್ಪಟ್ಟು ಹಗುರಾಗುತ್ತದೆ.

ಚಿಕಿತ್ಸೆಗೂ ಒಂದು ಕ್ರಮವಿದೆ. ಮೊದಲು ಫೈಲಿನ ಪ್ರತಿಯೊಂದನ್ನು ಬೇರೆಡೆ ಇರಿಸಿ, ಪ್ರಯೋಗವನ್ನೆಲ್ಲ ಆ ಪ್ರತಿಯ ಮೇಲೆ ಮಾಡಬೇಕು. ಹೊಸ ಖಾಲಿ ಫೈಲಿನಲ್ಲಿ ತಂತ್ರಾಂಶ ಸರಿಯಾಗಿ ನಡೆದರೆ ದೋಷ ಗ್ರಂಥದ ಫೈಲಿನಲ್ಲಿದೆ. ಅಲ್ಲಿಯೂ ಕುಸಿದರೆ ದೋಷ ತಂತ್ರಾಂಶದ ಹೊಂದಿಕೆಗಳಲ್ಲೋ ಫಾಂಟುಗಳಲ್ಲೋ ಇದೆ. ಫೈಲಿನ ದೋಷವಾದರೆ ಪುಟಗಳನ್ನು ಎರಡು ಭಾಗ ಮಾಡಿ, ಕುಸಿಯುವ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋಗಬೇಕು. ಇನ್ನೂರು ಪುಟಗಳ ಗ್ರಂಥದಲ್ಲಿ ಕೆಟ್ಟ ಪುಟ ಒಂದೇ ಆಗಿದ್ದರೆ ಎಂಟು ಸಲದೊಳಗೆ ಅದು ಸಿಕ್ಕಿಬೀಳುತ್ತದೆ. ಇನ್‌ಡಿಸೈನ್ ಬಳಸುವವರು ಫೈಲನ್ನು ಐಡಿಎಂಎಲ್ ರೂಪಕ್ಕೆ ರಫ್ತು ಮಾಡಿ ಮತ್ತೆ ತೆರೆದರೆ ಅನೇಕ ವೇಳೆ ಒಳಗಿನ ಕೊಳೆ ಕಳೆಯುತ್ತದೆ. ಹಳೆಯ ಪೇಜ್‌ಮೇಕರ್ ಫೈಲುಗಳನ್ನು ತೆರೆಯುವ ಶಕ್ತಿ ಇನ್‌ಡಿಸೈನ್‌ಗೆ ಸಿಎಸ್6 ಆವೃತ್ತಿಯವರೆಗೆ ಮಾತ್ರ ಇತ್ತು.

ಪುಟ ಹೀಗೆ ಬದುಕುತ್ತದೆ. ಪಾಠಕ್ಕೆ ಅಪಾಯ ಆರಂಭವಾಗುವುದು ಇಲ್ಲಿಂದಲೇ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಪರಿವರ್ತಕದ ಮೂಲಕ ದಾಟಿಸುವಾಗ, ಪರಿವರ್ತಕದ ಪಟ್ಟಿಯಲ್ಲಿ ಇಲ್ಲದ ಚಿಹ್ನೆ ಬಿಟ್ಟುಹೋಗಬಹುದು, ಇಲ್ಲವೆ ಬೇರೆ ಅಕ್ಷರವಾಗಿ ಇಳಿಯಬಹುದು. ಫಾಂಟಿನಲ್ಲಿ ೞ ಸಿಗದೆ ಅಕ್ಷರಜೋಡಕರು ಳ ಒತ್ತಿರುವುದೂ, ಱ ಇದ್ದಲ್ಲಿ ರ ಒತ್ತಿರುವುದೂ ಉಂಟು. ಹೊಸಗನ್ನಡದ ಲೇಖನಕ್ಕೆ ಇದರಿಂದ ಹಾನಿಯಿಲ್ಲ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಬದುಕು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ‘ಗದಾಯುದ್ಧ’ದಂತಹ ಕಾವ್ಯವನ್ನು ಅಚ್ಚಿಗೆ ಅಣಿಗೊಳಿಸುವಾಗ ಖಡ್ಗವೂ ಬದುಕೂ ಒಂದೇ ಅಕ್ಷರದಲ್ಲಿ ಬೆರೆತುಹೋದರೆ ಓದುಗನ ಕೈಯಲ್ಲಿ ಉಳಿಯುವುದು ಊಹೆ ಮಾತ್ರ.

ಹಾನಿ ಅರ್ಥಕ್ಕಷ್ಟೇ ಸೀಮಿತವಲ್ಲ. ದ್ವಿತೀಯಾಕ್ಷರ ಪ್ರಾಸದಲ್ಲಿ ಕವಿ ೞಕಾರಕ್ಕೆ ೞಕಾರವನ್ನೇ ಹೊಂದಿಸಿದ್ದಾನೆಯೇ, ಳಕಾರವನ್ನು ಬೆರೆಸಿದ್ದಾನೆಯೇ ಎಂಬುದು ಅವನ ಕಾಲದ ಭಾಷಾಸ್ಥಿತಿಗೆ ಸಾಕ್ಷಿ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ವಿವರಿಸಬೇಕಾಗಿ ಬಂದುದೇ ಅವು ಬಳಕೆಯಲ್ಲಿ ಕಲೆಯುತ್ತಿದ್ದುದರ ಸೂಚನೆ. ಶಾಸನಗಳ ಭಾಷೆಯ ಕಾಲವನ್ನು ಗುರುತಿಸಲು ವಿದ್ವಾಂಸರು ನೋಡುವ ಲಕ್ಷಣಗಳಲ್ಲಿ ೞಕಾರದ ಪಲ್ಲಟವೂ ಒಂದು. ತೇರದಾಳದ ನೇಮಿನಾಥ ಬಸದಿಯ ಹನ್ನೆರಡನೆಯ ಶತಮಾನದ ಶಾಸನವಾಗಲಿ, ಮತ್ತಾವುದೇ ಶಾಸನವಾಗಲಿ, ಅಚ್ಚಿನಲ್ಲಿ ಅಕ್ಷರ ಬದಲಾದರೆ ಮುಂದಿನ ಸಂಶೋಧಕ ಲಿಪಿಕಾರನ ರೂಢಿಯೆಂದು ಉಲ್ಲೇಖಿಸುವುದು ಯಂತ್ರದ ರೂಢಿಯನ್ನು.

ರಬಕವಿ-ಬನಹಟ್ಟಿಯ ನೇಕಾರರಿಗೆ ಈ ವ್ಯತ್ಯಾಸ ಹೊಸದಲ್ಲ. ವಿದ್ಯುತ್ ಮಗ್ಗದಲ್ಲಿ ಲಾಳಿಯ ನೂಲು ಹರಿದರೆ ಮಗ್ಗವನ್ನು ನಿಲ್ಲಿಸುವ ಏರ್ಪಾಡು ಇರುತ್ತದೆ. ಕೆಲಸ ಕೆಟ್ಟಿತೆಂದು ತೋರಿದರೂ ಸೀರೆ ಉಳಿಯುತ್ತದೆ. ಹಾಸಿನ ಎಳೆಯೊಂದು ಹರಿದು, ಯಾರ ಕಣ್ಣಿಗೂ ಬೀಳದೆ ಮಗ್ಗ ನಡೆದೇ ನಡೆದರೆ ಸೀರೆಯ ಉದ್ದಕ್ಕೂ ಗೆರೆ ಮೂಡುತ್ತದೆ. ಕುಸಿದ ತಂತ್ರಾಂಶ ನಿಂತ ಮಗ್ಗವಿದ್ದಂತೆ. ಸದ್ದಿಲ್ಲದೆ ಅಕ್ಷರ ಬದಲಿಸುವ ಪರಿವರ್ತನೆ ಹರಿದ ಎಳೆಯನ್ನು ಬಿಟ್ಟು ನೇಯುತ್ತ ಹೋಗುವ ಮಗ್ಗವಿದ್ದಂತೆ.

ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಸಂಕೇತಸ್ಥಾನಗಳ ವಿಭಾಗವಿದೆ. ಱ, ೞಗಳೆರಡಕ್ಕೂ ಅಲ್ಲಿ ಸ್ಥಾನವಿದೆ. ಆದರೆ ೞಕಾರದ ಸ್ಥಾನಕ್ಕೆ ಇಟ್ಟ ಹೆಸರು ತಪ್ಪಾಗಿ ‘ಕನ್ನಡ ಲೆಟರ್ ಎಫ್‌ಎ’ ಎಂದಾಯಿತು. ಫ಼ ಧ್ವನಿಯ ಅಕ್ಷರವೆಂಬಂತೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಪದ್ಧತಿ ಯೂನಿಕೋಡಿನಲ್ಲಿ ಇಲ್ಲ. ಆದ್ದರಿಂದ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಲಾಯಿತು. ಹೆಸರು ಹೇಗಿದ್ದರೂ ಆಕೃತಿ ಸರಿಯಾಗಿದೆ, ಸಂಕೇತ ಸ್ಥಿರವಾಗಿದೆ. ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ’ ಪ್ಯಾರಾಗ್ರಾಫ್ ಕಂಪೋಸರನ್ನು ಆರಿಸಿಕೊಂಡರೆ ಒತ್ತಕ್ಷರಗಳೂ ಸರಿಯಾಗಿ ಕೂಡುತ್ತವೆ. ಪೇಜ್‌ಮೇಕರಿಗೆ ಮಾತ್ರ ಯೂನಿಕೋಡ್ ತಿಳಿಯದು.

ಇದರಿಂದ ಹೊರಡುವ ನಿಯಮ ಸರಳ. ಗ್ರಂಥದ ಪಾಠವನ್ನು ಪುಟವಿನ್ಯಾಸದ ಫೈಲಿನ ಒಳಗೆ ಮಾತ್ರ ಇರಿಸಬಾರದು. ಸಂಪಾದಕ ತಿದ್ದಿದ ಪಾಠ ಯೂನಿಕೋಡಿನ ಸಾದಾ ಫೈಲಾಗಿ ಪ್ರತ್ಯೇಕವಾಗಿರಬೇಕು. ಕೊನೆಯ ಕರಡಿನ ತಿದ್ದುಪಡಿಗಳು ಆ ಫೈಲಿಗೂ ಮರಳಬೇಕು. ಪರಿವರ್ತನೆಯಾದ ಬಳಿಕ ೞ, ಱಗಳನ್ನು ಹುಡುಕಿ ಎಣಿಸಿ, ಮೂಲದ ಎಣಿಕೆಯೊಡನೆ ತಾಳೆ ನೋಡಬೇಕು. ಎಣಿಕೆ ತಪ್ಪಿದರೆ ಕರಡು ತಿದ್ದುವವನು ಹಸ್ತಪ್ರತಿಯನ್ನೇ ತೆರೆಯಬೇಕು.

ರನ್ನನ ‘ಅಜಿತಪುರಾಣ’ಕ್ಕೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದಳು. ಗ್ರಂಥ ಒಂದೇ ಕಡೆ ಇದ್ದರೆ ಉಳಿಯದೆಂಬ ಅರಿವು ಆ ಶಾಸ್ತ್ರದಾನದಲ್ಲಿದೆ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಒರೆಸಿ, ಪೂಜಿಸುವ ರೂಢಿ ಜೈನರಲ್ಲಿ ಇಂದಿಗೂ ಇದೆ. ಓಲೆಗೆ ಹುಳು ಹಿಡಿದಿದೆಯೇ ಎಂಬುದು ವರ್ಷಕ್ಕೊಮ್ಮೆಯಾದರೂ ಆಗ ಕಣ್ಣಿಗೆ ಬೀಳುತ್ತದೆ. ಸಿಡಿಗಳಲ್ಲಿ, ಹಳೆಯ ಹಾರ್ಡ್‌ಡಿಸ್ಕುಗಳಲ್ಲಿ ಮಲಗಿರುವ ಪೇಜ್‌ಮೇಕರ್ ಫೈಲುಗಳನ್ನೂ ಅಂದು ಒಮ್ಮೆ ತೆರೆದು ನೋಡಿದರೆ, ಯಾವ ಗ್ರಂಥದ ಪಾಠ ಇನ್ನೂ ಓದಿಗೆ ಸಿಗುತ್ತದೆ, ಯಾವುದನ್ನು ತಡಮಾಡದೆ ದಾಟಿಸಬೇಕು ಎಂಬುದು ತಿಳಿಯುತ್ತದೆ.