ನಾಯಿಯ ಭಾವಚಿತ್ರ

ಮನುಷ್ಯನ ಭಾವಚಿತ್ರಕ್ಕೂ ನಾಯಿಯ ಭಾವಚಿತ್ರಕ್ಕೂ ಇರುವ ಮುಖ್ಯವಾದ ಭೇದವು ಮೂಗಿನಲ್ಲಿದೆ. ಮನುಷ್ಯನ ಮುಖವು ಬಹುಮಟ್ಟಿಗೆ ಒಂದೇ ಸಮತಲದ್ದು. ಕಣ್ಣಿಗೂ ಮೂಗಿನ ತುದಿಗೂ ಎರಡು ಬೆರಳಿನ ಅಂತರವಿದ್ದರೆ ಹೆಚ್ಚು. ಕೋಡಿಬಾಗದ ಯಾವ ಅಂಗಳದಲ್ಲಾದರೂ ಮಲಗಿರಬಹುದಾದ ಸಾಮಾನ್ಯ ಊರನಾಯಿಗಾದರೋ ಈ ಅಂತರವು ನಾಲ್ಕು ಬೆರಳನ್ನು ಮೀರುತ್ತದೆ. ಕನ್ನಡನಾಡಿನದೇ ಆಗಿ, ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೂ ಸ್ಥಾನ ಪಡೆದ ಮುಧೋಳದ ಬೇಟೆನಾಯಿಯ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಅದರ ಮೋರೆಯೆಂದರೆ ಮೂಗೇ.

ಈ ಮೂಗಿನ ಉದ್ದವು ತೊಡಕಾಗುವುದು ಛಾಯಾಗ್ರಾಹಕನು ಕ್ಯಾಮರಾದ ಕಂಡಿಯನ್ನು ಅಗಲವಾಗಿ ತೆರೆದಾಗ. ಅಪರ್ಚರ್ ಎಂದು ಕರೆಯಿಸಿಕೊಳ್ಳುವ ಈ ಕಂಡಿಯ ಕೆಲಸವನ್ನು ತಿಳಿಯಲು ಮನೆಯ ಬೆಕ್ಕನ್ನು ನೋಡಿದರೆ ಸಾಕು. ನಡುಹಗಲಿನಲ್ಲಿ ಅದರ ಕಣ್ಣಿನ ಪಾಪೆಯು ಗೆರೆಯಷ್ಟಾಗುತ್ತದೆ. ಇರುಳಿನಲ್ಲಿ ದುಂಡಗೆ ಅರಳುತ್ತದೆ. ಕನ್ನಡಕವನ್ನು ಮರೆತ ಹಿರಿಯರು ಕಣ್ಣು ಕಿರಿದುಮಾಡಿ ಕಾಗದ ಓದುವುದರ ಹಿಂದೆಯೂ ಇದೇ ತತ್ತ್ವವಿದೆ. ಕಂಡಿಯು ಕಿರಿದಾದಷ್ಟೂ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಫುಟವಾಗುತ್ತವೆ. ಅಗಲವಾದಷ್ಟೂ ಬೆಳಕು ಹೆಚ್ಚು, ಸ್ಫುಟತೆಯ ಪದರವು ತೆಳು. ೫೦ ಮಿಲಿಮೀಟರಿನ ಮಸೂರವನ್ನು ಎಫ್ ೧.೮ಕ್ಕೆ ತೆರೆದರೆ ಕಂಡಿಯ ಅಡ್ಡಳತೆಯು ಸುಮಾರು ೨೮ ಮಿಲಿಮೀಟರು. ಪೂರ್ಣ ಚೌಕಟ್ಟಿನ ಕ್ಯಾಮರಾದಿಂದ ಒಂದು ಮೀಟರು ದೂರದ ನಾಯಿಯನ್ನು ಹೀಗೆ ಹಿಡಿದರೆ ತಿಳಿಯಾಗಿ ಮೂಡುವ ಪದರವು ಒಟ್ಟು ೪ ಸೆಂಟಿಮೀಟರಿನಷ್ಟು ಮಾತ್ರ. ಕಣ್ಣು ಸಿಕ್ಕಿದರೆ ಮೂಗಿಲ್ಲ, ಮೂಗು ಸಿಕ್ಕಿದರೆ ಕಣ್ಣಿಲ್ಲ!

ಇಷ್ಟಾದರೂ ಅಗಲ ಕಂಡಿಯ ಮೋಹವು ಬಿಡದು. ಅಂಗಳದಲ್ಲಿ ಒಣಹಾಕಿದ ಬಟ್ಟೆ, ಗೋಡೆಗೆ ಒರಗಿಸಿದ ಸೈಕಲ್ಲು, ಬಿದ್ದ ತೆಂಗಿನ ಮಡಲು, ಎಲ್ಲವನ್ನೂ ಅದು ಒಂದೇ ಏಟಿಗೆ ಕರಗಿಸಿ ಹೊಗೆಯಾಗಿಸುತ್ತದೆ. ಮಳೆಗಾಲದ ಮಬ್ಬಿನಲ್ಲಿ ಬೇರೆ ಗತಿಯೂ ಇಲ್ಲವೆನ್ನಬಹುದು. ಆದರೆ ಕರಗಿಸುವುದಕ್ಕೆ ಕಂಡಿಯೊಂದೇ ಉಪಾಯವಲ್ಲ, ದೂರವೂ ಉಪಾಯವೇ ಎಂಬುದನ್ನು ಅನೇಕರು ಮರೆಯುತ್ತಾರೆ. ನಾಯಿಯನ್ನು ಗೋಡೆಯ ಬುಡದಿಂದ ಎಬ್ಬಿಸಿ, ಕಾಳೀನದಿಯು ಕಡಲನ್ನು ಕೂಡುವ ಬಯಲಿಗೆ ಕರೆದೊಯ್ದರೆ ಹಿನ್ನೆಲೆಯೆಲ್ಲ ಆಚೆಯ ದಡದ ಸದಾಶಿವಗಡದವರೆಗೆ ಹಿಂದೆ ಸರಿಯುತ್ತದೆ. ಆಗ ಎಫ್ ೫.೬ಕ್ಕೆ ಇಳಿಸಿದರೂ ಬೆಟ್ಟವು ಮೆತ್ತಗೇ ಉಳಿಯುತ್ತದೆ. ಸ್ಫುಟತೆಯ ಪದರವಾದರೋ ೧೨ ಸೆಂಟಿಮೀಟರನ್ನು ದಾಟಿ, ಮೂಗೂ ಕಣ್ಣೂ ಒಟ್ಟಿಗೆ ಒಳಗಾಗುತ್ತವೆ.

ಹಿನ್ನೆಲೆಯನ್ನು ಪೂರ್ತಿ ಅಳಿಸಬೇಕೇ ಎಂಬುದೂ ವಿಚಾರಿಸತಕ್ಕ ಮಾತು. ೨೦೨೪ರ ಆಗಸ್ಟ್ ೭ರ ನಡುರಾತ್ರಿ ಕಳೆದ ಮೇಲೆ ಕಾಳೀನದಿಯ ಹಳೆಯ ಸೇತುವೆಯು ಕುಸಿದುಬಿದ್ದಿತು. ಅದಕ್ಕೆ ಮುಂಚೆ ಆ ದಂಡೆಯಲ್ಲಿ ಎಫ್ ೧.೮ರಲ್ಲಿ ತೆಗೆದ ಚಿತ್ರದಲ್ಲಿ ಸೇತುವೆಯು ಬರಿಯ ಬೂದುಬಣ್ಣದ ಪಟ್ಟೆ, ಎಫ್ ೫.೬ರಲ್ಲಿ ತೆಗೆದುದರಲ್ಲಿ ಮಸುಕಾದರೂ ಸೇತುವೆಯೇ. ನಾಯಿಯ ಆಯುಸ್ಸು ಹತ್ತು ಹನ್ನೆರಡು ವರ್ಷ. ಅದು ಯಾವ ಊರಿನ ಗಾಳಿಯಲ್ಲಿ ಮೂಗೆತ್ತಿ ಬಾಳಿತೆಂಬುದು ಮನೆಯವರಿಗೆ ಮುಂದೆ ಬೇಕಾಗಬಹುದು. ಹಾಗೆಯೇ ಹರಿದ ಕಿವಿ, ಮೂಗಿನ ಮೇಲಿನ ಹಳೆಯ ಗಾಯದ ಕಲೆ. ಅಪರಿಚಿತರಿಗೆ ಒಂದು ಹೊಳೆಯುವ ಕಣ್ಣು ಸಾಕು. ಸಾಕಿದವರು ಕಲೆಯನ್ನು ಹುಡುಕುತ್ತಾರೆ.

ಮಬ್ಬಿನಲ್ಲಿ ಕಂಡಿಯನ್ನು ಅಗಲಿಸಲೇಬೇಕಾದಾಗ ನಾಯಿಯನ್ನು ಪಕ್ಕಕ್ಕೆ ತಿರುಗಿ ಕೂರುವಂತೆ ಮಾಡುವುದು ಲೇಸು. ಆಗ ಕಣ್ಣೂ ಮೂಗೂ ಕ್ಯಾಮರಾದಿಂದ ಸಮದೂರಕ್ಕೆ ಬಂದು, ತೆಳುಪದರವೇ ಇಬ್ಬರಿಗೂ ಸಾಲುತ್ತದೆ. ಎದುರಿನಿಂದಲೇ ತೆಗೆಯಬೇಕಾದರೆ ಹತ್ತಿರದ ಕಣ್ಣಿಗೆ ಫೋಕಸ್ ಹಿಡಿಯಬೇಕು. ನಡುಬಿಂದುವಿನಿಂದ ಕಣ್ಣನ್ನು ಹಿಡಿದು ಆಮೇಲೆ ಕ್ಯಾಮರಾವನ್ನು ಓರೆಮಾಡುವ ಹಳೆಯ ರೂಢಿಯು ಇಲ್ಲಿ ಕೈಕೊಡುತ್ತದೆ. ಒಂದು ಮೀಟರು ದೂರದಲ್ಲಿ ೧೫ ಡಿಗ್ರಿ ತಿರುಗಿಸಿದರೆ ಫೋಕಸ್ಸಿನ ಸಮತಲವು ಕಣ್ಣಿನಿಂದ ಮೂರು ಸೆಂಟಿಮೀಟರಿಗೂ ಮಿಕ್ಕಿ ಹಿಂದೆ ಹೋಗುತ್ತದೆ. ಕಿವಿಯ ಕೂದಲು ಎಣಿಸುವಂತೆ ಕಾಣುತ್ತದೆ, ಕಣ್ಣು ಮಾತ್ರ ನೀರಲ್ಲಿ ನೆನೆದಂತೆ. ಬಿಂದುವನ್ನೇ ಕಣ್ಣಿದ್ದಲ್ಲಿಗೆ ಸರಿಸಬೇಕು. ೨೦೧೯ರಲ್ಲಿ ಸೋನಿಯವರು ಪ್ರಾಣಿಗಳ ಕಣ್ಣನ್ನು ತಾನೇ ಹುಡುಕುವ ಏರ್ಪಾಡನ್ನು ಕ್ಯಾಮರಾಗಳಿಗೆ ತಂದುದರಿಂದ ಈ ಶ್ರಮವು ಬಹಳ ಇಳಿದಿದೆ. ಫೋನು ಲೆಕ್ಕ ಹಾಕಿ ಮಾಡುವ ಮಸುಕಿನಲ್ಲಿ ಮೀಸೆಯ ಕೂದಲುಗಳೇ ಕತ್ತರಿಸಿಹೋಗುವುದುಂಟು. ಬೆಕ್ಕಿಗೆ ಇದಕ್ಕಿಂತ ಅಪಮಾನ ಬೇರೆ ಬೇಕಿಲ್ಲ.

ಮುದಿನಾಯಿಯ ಕಣ್ಣು ಯಂತ್ರಕ್ಕೂ ಕಠಿನ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರವು ನೀಲಿಬೂದು ಬಣ್ಣಕ್ಕೆ ತಿರುಗುವುದರಿಂದ ಹಿಡಿಯಲು ಸ್ಫುಟವಾದ ಗೆರೆಯು ಸಿಗುವುದಿಲ್ಲ. ಆಗ ರೆಪ್ಪೆಯ ಕಪ್ಪು ಅಂಚನ್ನು ಹಿಡಿಯಬೇಕು. ಮುಖವನ್ನು ಬೆಳಗಿನ ಆಕಾಶದ ಕಡೆಗೆ ತಿರುಗಿಸಿದರೆ ಕಣ್ಣಿನಲ್ಲಿ ಒಂದು ಬಿಳಿಯ ಹೊಳಪೂ ಕೂರುತ್ತದೆ. ಏದುಸಿರಿಗೆ ತಲೆಯು ಅಲುಗುವುದರಿಂದ ಶಟರು ಸೆಕೆಂಡಿನ ೨೫೦ರಲ್ಲಿ ಒಂದು ಭಾಗಕ್ಕಿಂತ ನಿಧಾನವಾಗಿರಬಾರದು. ತೆಗೆಯುವವನು ನೆಲದ ಮೇಲೆ ಅಂಗಾತನಾಗದೆ ಬೋರಲು ಮಲಗಿ, ನಾಯಿಯ ಕಣ್ಣಿನ ಎತ್ತರಕ್ಕೆ ಮಸೂರವನ್ನು ತರಬೇಕು. ಹೆಸರು ಕೂಗುವ ಕೆಲಸವನ್ನು ಮನೆಯವರಲ್ಲಿ ಇನ್ನೊಬ್ಬರು, ದೂರದಲ್ಲಿ ನಿಂತು ಮಾಡಲಿ. ಕ್ಯಾಮರಾ ಹಿಡಿದವನೇ ಕರೆದರೆ ಮುದಿನಾಯಿಯು ಕಿವಿ ನಿಮಿರಿಸಿ ನೋಡುವುದಿಲ್ಲ. ಮೆಲ್ಲನೆ ಎದ್ದು, ಬಾಲವಾಡಿಸುತ್ತ ಬಂದು ಮಸೂರವನ್ನು ನೆಕ್ಕುತ್ತದೆ.