ಹಂಪಿಯಲ್ಲಿ ಎಂಟು ತಿರುವು

ಹಂಪಿ ನೋಡಲು ಬರುವವರು ಸಾಮಾನ್ಯವಾಗಿ ವಿರೂಪಾಕ್ಷನಿಗೆ ಕೈಮುಗಿದು, ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು, ಬಿಸಿಲು ಏರುವ ಹೊತ್ತಿಗೆ ಊಟಕ್ಕೆಂದು ಹೊಸಪೇಟೆಗೆ ಮರಳುತ್ತಾರೆ. ಚಿಕ್ಕ ಮಕ್ಕಳನ್ನು ಕರೆತಂದವರ ಪಾಡು ಇನ್ನೂ ಕಷ್ಟ. ‘ಇದು ಕೃಷ್ಣದೇವರಾಯನ ಕಾಲದ್ದು’ ಎಂದರೆ ಐದು ವರ್ಷದ ಮಗುವಿಗೆ ಏನು ತಿಳಿದೀತು? ಅದಕ್ಕೆ ಮೊನ್ನೆಯೂ ಒಂದೇ, ಐನೂರು ವರ್ಷದ ಹಿಂದೆಯೂ ಒಂದೇ. ಆದರೆ ಅಂಥ ಮಗುವಿಗೂ ಹಂಪಿಯಲ್ಲಿ ಒಂದು ಪಾಠವಿದೆ. ಅದು ಆಕಾರಗಳ ಪಾಠ. ಅದಕ್ಕೆ ಪುಸ್ತಕ, ಪೆನ್ಸಿಲ್ಲು ಬೇಡ. ನಡೆಯಲು ಕಾಲು, ತಲೆಗೊಂದು ಟೋಪಿ, ಕುಡಿಯಲು ನೀರು ಇದ್ದರೆ ಸಾಕು.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಹೊಸಪೇಟೆಯಲ್ಲೇ ನೆಲೆಸಿದ್ದೇನೆ. ಇಲ್ಲಿಂದ ಹಂಪಿ ಸುಮಾರು 13 ಕಿಲೋಮೀಟರು. ಕಳೆದ ದಸರಾ ರಜೆಗೆ ಮಗಳು ಬೆಂಗಳೂರಿನಿಂದ ಮಕ್ಕಳೊಂದಿಗೆ ಬಂದಳು. ಮೊಮ್ಮಗ ಮೂರನೇ ತರಗತಿ, ಮೊಮ್ಮಗಳು ಪುಟ್ಟಿ ಯು.ಕೆ.ಜಿ. ಬಟ್ಟೆಯ ಚೀಲದ ಜೊತೆ ಶಾಲೆಯ ಹಾಳೆಗಳ ಕಟ್ಟೂ ಬಂದಿತ್ತು. ಒಂದು ಹಾಳೆಯಲ್ಲಿ ಓರೆಯಾಗಿ ನಿಲ್ಲಿಸಿದ ಚೌಕ. ಪುಟ್ಟಿ ಅದನ್ನು ‘ಡೈಮಂಡ್’ ಎಂದು ಗುರುತಿಸಿದ್ದಳು. ಅದರ ಮೇಲೆ ಕೆಂಪು ಗೀಟು. ‘ಆಕಾರಗಳನ್ನು ಗುರುತಿಸುವುದಿಲ್ಲ, ಮನೆಯಲ್ಲಿ ಅಭ್ಯಾಸ ಮಾಡಿಸಿ’ ಎಂದು ಡೈರಿಯಲ್ಲಿ ಒಕ್ಕಣೆ. ಅಂದಿನಿಂದ ಹಾಳೆ ತೆಗೆದರೆ ಸಾಕು, “ನಂಗೆ ಶೇಪ್ಸ್ ಬರಲ್ಲ” ಎಂದು ಎದ್ದು ಹೋಗುತ್ತಾಳಂತೆ. “ಏನ್ಮಾಡ್ಲಿ ಅಪ್ಪಾ?” ಎಂದು ಮಗಳು ಕೇಳಿದಳು. ಐದೂವರೆ ವರ್ಷದ ಮಗು ‘ನನಗೆ ಬರಲ್ಲ’ ಎಂದು ತೀರ್ಮಾನ ಮಾಡಿಕೊಳ್ಳುವುದು ಸಣ್ಣ ಮಾತಲ್ಲ. ಮಾರನೇ ದಿನ ಬೆಳಿಗ್ಗೆ ಬೇಗ ಎದ್ದು ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೊರಟೆ.

ಮೊದಲು ಮಹಾನವಮಿ ದಿಬ್ಬ. ಮೂರು ಹಂತದ ಕಲ್ಲಿನ ಕಟ್ಟೆ. ಕೆಳಗಿನದು ದೊಡ್ಡದು, ಮೇಲೆ ಹೋದಂತೆ ಚಿಕ್ಕದು. “ಲಗೋರಿ ಥರ ಇದೆ ತಾತ” ಎಂದ ಮೊಮ್ಮಗ. ಸರಿಯಾಗಿಯೇ ಹೇಳಿದ. ಲಗೋರಿಯ ಕಲ್ಲು ಜೋಡಿಸುವ ಹುಡುಗರಿಗೆ ಅಗಲವಾದ ಕಲ್ಲು ಅಡಿಗೆ ಇರಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಎರಡು ಸಲ ಕುಸಿದರೆ ಕೈಗೇ ತಿಳಿಯುತ್ತದೆ.

ಅಲ್ಲೇ ಸಮೀಪದಲ್ಲಿ ಮೆಟ್ಟಿಲುಗಳ ಪುಷ್ಕರಣಿ ಇದೆ. ಮಣ್ಣಿನಡಿ ಹುದುಗಿದ್ದ ಇದನ್ನು ಪುರಾತತ್ವದವರು ಅಗೆದು ಹೊರತೆಗೆದದ್ದು 1980ರ ದಶಕದಲ್ಲಿ. ಕರಿಗಲ್ಲಿನ ಚೌಕ ಕೊಳ. ಐದು ಹಂತಗಳಲ್ಲಿ ಒಳಗಿಳಿಯುತ್ತದೆ. ಪ್ರತಿ ಹಂತಕ್ಕೂ ಎರಡೂ ಕಡೆಯಿಂದ ಹತ್ತುವ ಪುಟ್ಟ ಮೆಟ್ಟಿಲ ಸಾಲುಗಳು. ಎದುರಿನಿಂದ ನೋಡಿದರೆ ಸಾಲು ಸಾಲು ತ್ರಿಕೋನ. ಯಾವ ಕಲ್ಲು ಎಲ್ಲಿ ಕೂರಬೇಕೆಂದು ಶಿಲ್ಪಿಗಳು ಕೊರೆದ ಗುರುತುಗಳು ಕಲ್ಲುಗಳ ಮೇಲೆ ಇನ್ನೂ ಇವೆ.

ನಾವು ಕೊಳಕ್ಕೆ ಇಳಿಯಲಿಲ್ಲ. ಕೈಹಿಡಿದು, ಅಂಚಿನಿಂದ ದೂರವಾಗಿ ಸುತ್ತು ಹಾಕಿದೆವು. ಆಟದ ನಿಯಮ ಒಂದೇ: ಬದಿ ಮುಗಿಯುವವರೆಗೆ ನೇರ ನಡೆಯಬೇಕು, ತಿರುಗಬೇಕಾದಾಗ ನಿಂತು ಗಟ್ಟಿಯಾಗಿ ಎಣಿಸಬೇಕು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯದಾದ ಮೇಲೆ ಹೊರಟ ಜಾಗ ಬಂತು. ಮೂಲೆಯೊಂದರಲ್ಲಿ ನಿಂತಿದ್ದ ಪುಟ್ಟಿ, “ತಾತ, ಇಲ್ಲಿಂದ ಡೈಮಂಡ್!” ಎಂದಳು. ಬದಿಯ ನಡುವಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. “ಈಗ ಸ್ಕ್ವೇರ್.” ಮತ್ತೆ ಮೂಲೆಗೆ ಓಡಿದಳು, ಮತ್ತೆ ನಡುವಿಗೆ. ಮೂರು ಸಲ ಓಡಾಡಿ, “ಕೊಳ ಅಲ್ಲೇ ಇದೆ ತಾತ, ನಾನೇ ತಿರುಗ್ತಿದೀನಿ” ಎಂದಳು. ಹಾಳೆಯ ಮೇಲೆ ಯಾರಿಗೂ ಹೇಳಿಕೊಡಲಾಗದ ಮಾತನ್ನು ಅವಳ ಕಾಲು ಅವಳಿಗೆ ಹೇಳಿತ್ತು.

ರಾಜಾವರಣದಿಂದ ಹೊರಬಿದ್ದು ಸ್ವಲ್ಪ ದೂರ ಹೋದರೆ ಎಂಟು ಮೂಲೆಯ ಸ್ನಾನದ ಕೊಳ ಸಿಗುತ್ತದೆ. ಇಲ್ಲಿಗೆ ಬರುವವರು ಕಡಿಮೆ. ಸುತ್ತಲೂ ಕಂಬಗಳ ಪಡಸಾಲೆ, ಕೊಳದ ನಡುವೆ ಎಂಟೇ ಮೂಲೆಯ ಕಟ್ಟೆ. ಇಲ್ಲಿ ನಾನು ಏನೂ ಹೇಳಲಿಲ್ಲ. ಪುಟ್ಟಿ ತಾನೇ ಎಣಿಸುತ್ತಾ ಹೊರಟಳು. “ತಾತ, ಎಂಟು ಸಲ ತಿರುಗಿದೆ! ಇದರ ಹೆಸರೇನು?” ಹಾಳೆ ಕಂಡರೆ ಓಡುತ್ತಿದ್ದ ಹುಡುಗಿ ತಾನಾಗಿ ಹೆಸರು ಕೇಳಿದಳು. ಅಷ್ಟಭುಜ ಎಂದೆ. ಆ ಮಾತು ಅವಳಿಗೆ ಬಹಳ ಹಿಡಿಸಿತು.

ಕೊನೆಗೆ ಗಜಶಾಲೆ. ಸಾಲಾಗಿ 11 ಕೋಣೆಗಳು. ನಡುವಿನದನ್ನು ಬಿಟ್ಟರೆ ಆಚೆ ಐದು, ಈಚೆ ಐದು. ಒಂದು ಬದಿಯಲ್ಲಿ ಗುಮ್ಮಟಗಳು ಯಾವ ಕ್ರಮದಲ್ಲಿವೆಯೋ ಇನ್ನೊಂದು ಬದಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ಅದೇ ಕ್ರಮ. ಅಣ್ಣ ಒಂದು ತುದಿಯಿಂದ, ತಂಗಿ ಇನ್ನೊಂದು ತುದಿಯಿಂದ ಎಣಿಸುತ್ತಾ ಬಂದು ಆರನೆಯದರ ಮುಂದೆ ಡಿಕ್ಕಿ ಹೊಡೆದರು.

ಎದುರಿನ ಬಯಲಿನಲ್ಲಿ ಚೀಲದಿಂದ ಹಗ್ಗ ತೆಗೆದೆ. ಎರಡು ತುದಿ ಸೇರಿಸಿ ಗಂಟು ಹಾಕಿ, ಮೂವರು ಒಳಗೆ ನಿಂತು ಬಿಗಿಯಾಗಿ ಎಳೆದರೆ ತ್ರಿಕೋನ. ಅಲ್ಲೇ ಆಡುತ್ತಿದ್ದ ಇನ್ನೊಂದು ಮಗು ಸೇರಿತು, ನಾಲ್ಕು ಮೂಲೆಯಾಯಿತು. ಆಮೇಲೆ ಗಂಟು ಬಿಚ್ಚಿ, ಗೂಟದ ಹಾಗೆ ನಾನು ನಡುವೆ ನಿಂತು ಒಂದು ತುದಿ ಹಿಡಿದೆ. ಇನ್ನೊಂದು ತುದಿ ಹಿಡಿದು ಪುಟ್ಟಿ ಓಡಿದಳು. “ಎಷ್ಟು ತಿರುವು?” ಎಂದರೆ “ತಿರುವೇ ಇಲ್ಲ, ಬರೀ ತಿರುಗೋದು!” ವೃತ್ತಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೂ ಗೊತ್ತಿಲ್ಲ. ಯಜ್ಞವೇದಿಗಳನ್ನು ಅಳೆದು ಕಟ್ಟುವ ವಿಧಾನ ಹೇಳುವ ನಮ್ಮ ಹಳೆಯ ಗ್ರಂಥಗಳ ಹೆಸರು ಶುಲ್ಬಸೂತ್ರ. ಶುಲ್ಬ ಎಂದರೆ ಹಗ್ಗವೇ.

ಊಟದ ಹೊತ್ತಿಗೆ ಜೇಬಿನಿಂದ 50 ರೂಪಾಯಿ ನೋಟು ತೆಗೆದು ತೋರಿಸಿದೆ. 2017ರಲ್ಲಿ ಬಂದ ಈ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ಆಯತದ ಕಾಗದದೊಳಗೆ ದುಂಡು ಚಕ್ರಗಳು. ಹಣ ಎಣಿಸಿಯೇ ಬದುಕಿದವನು ನಾನು. ಆಕಾರದ ಬೆಲೆ ನನ್ನ ಬೆರಳಿಗೆ ಗೊತ್ತು. ಹಿಂದಿನ ಐದು ಪೈಸೆ ಚೌಕ, 20 ಪೈಸೆಗೆ ಆರು ಬದಿ, ಎರಡು ರೂಪಾಯಿಗೆ 11 ಬದಿ. ಈಗಿನ 20 ರೂಪಾಯಿ ನಾಣ್ಯಕ್ಕೆ 12 ಬದಿ. ಮಕ್ಕಳ ಕಣ್ಣು ಮುಚ್ಚಿಸಿ ಕೈಗೆ ಕೊಟ್ಟು ನೋಡಿ, ಒಳ್ಳೆಯ ಆಟ.

ಸಂಜೆ ಮನೆಯಲ್ಲಿ ಪುಟ್ಟಿ ತಾನೇ ಆ ಕೆಂಪು ಗೀಟಿನ ಹಾಳೆ ತೆಗೆದಳು. ನೆಲದ ಮೇಲೆ ಹರಡಿ, ಅದರ ಸುತ್ತ ನಡೆದು ನೋಡಿ, “ಅಮ್ಮಾ, ಇಲ್ಲಿ ನಿಂತ್ಕೊಂಡ್ರೆ ಇದು ಸ್ಕ್ವೇರೇ” ಎಂದಳು. ಮಗಳು ಹಾಳೆಯ ಕಟ್ಟನ್ನು ಮತ್ತೆ ಚೀಲಕ್ಕೆ ಹಾಕಿದಳು. ರಜೆ ಮುಗಿಯುವವರೆಗೆ ಅದು ಹೊರಬರಲಿಲ್ಲ.

ಇದಕ್ಕೆ ಹಂಪಿಗೇ ಬರಬೇಕೆಂದೇನಿಲ್ಲ. ನಿಮ್ಮೂರಿನ ಕಲ್ಯಾಣಿ, ಅರಳಿಕಟ್ಟೆ, ಅಂಗಳದ ಕುಂಟೆಬಿಲ್ಲೆಯ ಮನೆಗಳು ಎಲ್ಲವೂ ಆದೀತು. ಬರುವುದಾದರೆ ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ. ಆಮೇಲೆ ಬಂಡೆಗಳು ಕಾಯುತ್ತವೆ. ಹತ್ತು ಗಂಟೆಯೊಳಗೆ ಸುತ್ತಾಟ ಮುಗಿಸಿ ನೆರಳು ಸೇರಿ. ಹಳೆಯ ಕಲ್ಲಿನ ಮೇಲೆ ಮಕ್ಕಳು ಹತ್ತದಂತೆ, ಸೀಮೆಸುಣ್ಣದಿಂದ ಬರೆಯದಂತೆ ನೋಡಿಕೊಳ್ಳಿ. ಚೀಲದಲ್ಲಿ ಐದಾರು ಮೀಟರ್ ಹಗ್ಗವಿರಲಿ.