ಆರು ಗಂಟೆಯ ಪ್ರಾರ್ಥನೆ

ದೀಪಾವಳಿ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಘದ ಗೆಳತಿಯೊಬ್ಬರು ಕೇಳಿದರು. "ನಾನು ಕ್ರೈಸ್ತಳು, ದೀಪಾವಳಿ ಬಗ್ಗೆ ಏನು ಬರೆಯಲಿ?" ಎಂದೆ. "ನಿಮ್ಮ ಪ್ರಾರ್ಥನೆ ಬಗ್ಗೆ ಬರೆಯಿರಿ" ಎಂದರು. ಚರ್ಚಿನ ಪೂಜೆಯನ್ನು ನೀವೆಲ್ಲ ನೋಡಿರುತ್ತೀರಿ. ದಿನಾಲೂ ಒಬ್ಬರೇ ಕೂತು ಮಾಡುವ ಪ್ರಾರ್ಥನೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಬಗ್ಗೆ ಎರಡು ಮಾತು.

ಅಮ್ಮನ ತವರು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಪಾಳು ಚರ್ಚಿನ ಚಿತ್ರ ನೋಡಿದ್ದೀರಲ್ಲ, ಅದೇ ಊರು. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ಗಂಟೆ ಹೊಡೆದರೆ ಹೊಲದಲ್ಲಿದ್ದವರು ಇದ್ದಲ್ಲೇ ನಿಂತು ಕೈಮುಗಿಯುವುದು ಕಥೋಲಿಕರ ಹಳೆಯ ಪದ್ಧತಿ. 1979ರಲ್ಲಿ ಗೊರೂರು ಅಣೆಕಟ್ಟೆ ಮುಗಿಯುವ ಹೊತ್ತಿಗೆ ಊರು ಖಾಲಿಯಾಗಿತ್ತು. ಗಂಟೆ ಇಲ್ಲದಿದ್ದರೂ ಅಮ್ಮ ಸಂಜೆ ಆರರ ಹೊತ್ತು ಬಿಡಲಿಲ್ಲ. ಒಲೆ ಮೇಲೆ ಸಾರು ಕುದಿಯುತ್ತಿದ್ದರೂ ಇಳಿಸಿಟ್ಟು ಕೂರುತ್ತಿದ್ದರು.

ನಾವು ಆಸ್ಟಿನ್‌ಗೆ ಬಂದದ್ದು 2000ದಲ್ಲಿ. ಮರುವರ್ಷವೇ ಯಜಮಾನರ ಕೆಲಸ ಹೋಯಿತು. ವೀಸಾ ಚಿಂತೆ, ಕೈಯಲ್ಲಿ ಎಳೆಗೂಸು. ಒಂಟಿತನ ಬೇಕಾದಷ್ಟಿತ್ತು, ಏಕಾಂತ ಮಾತ್ರ ಸಿಗುತ್ತಿರಲಿಲ್ಲ. ಆ ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ಮುಚ್ಚಿ ಕೂರಬಹುದಾದ ಜಾಗ ವಾಕ್-ಇನ್ ಕ್ಲಾಸೆಟ್ ಒಂದೇ. ಪ್ರಾರ್ಥಿಸುವಾಗ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆಂದು ಯೇಸು ಹೇಳಿದ್ದಾರೆ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಆ ಕೋಣೆಗೆ ಇರುವ ಪದವೇ 'ಕ್ಲಾಸೆಟ್'! ಫೋನಿನಲ್ಲಿ ಹೇಳಿದರೆ ಅಮ್ಮ, "ಬಟ್ಟೆ ಬೀರುವಿನೊಳಗೆ ಕೂತು ಜಪ ಮಾಡ್ತೀಯಾ?" ಎಂದು ನಕ್ಕರು.

ಆಗಲೇ ನಾವಿಬ್ಬರೂ ಒಂದು ಹೊತ್ತು ಗೊತ್ತು ಮಾಡಿಕೊಂಡೆವು. ಅಮ್ಮನ ಸಂಜೆ ಆರು ಎಂದರೆ ಇಲ್ಲಿ ಚಳಿಗಾಲಕ್ಕೆ ಬೆಳಿಗ್ಗೆ ಆರೂವರೆ, ಬೇಸಿಗೆಗೆ ಏಳೂವರೆ. ದಿನಾಲೂ ಫೋನ್ ಮಾಡುವಷ್ಟು ದುಡ್ಡಿರಲಿಲ್ಲ. ಅವರು ಅಲ್ಲಿ ಕೂರುತ್ತಾರೆ, ನಾನು ಇಲ್ಲಿ. ಅಷ್ಟೇ.

ಎರಡು ವರ್ಷದ ಮೇಲೆ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ರಾಥ್ಕೋ ಚಾಪೆಲ್ ಬಗ್ಗೆ ಬಹಳ ಕೇಳಿದ್ದೆ. ಡಿ ಮೆನಿಲ್ ದಂಪತಿ ಕಟ್ಟಿಸಿ 1971ರಲ್ಲಿ ಎಲ್ಲ ಧರ್ಮದವರಿಗೂ ತೆರೆದದ್ದು. ಒಳಗೆ ಶಿಲುಬೆಯಿಲ್ಲ, ಕಪ್ಪಿಗೆ ತಿರುಗಿದ 14 ದೊಡ್ಡ ಚಿತ್ರಗಳಿವೆ. ಮೌನವೇನೋ ಧಾರಾಳ. ಆದರೆ ಬಿಡುವಾದಾಗ ಹೋಗಿ ಕೂತರೆ ಹತ್ತು ನಿಮಿಷಕ್ಕೆ ಕಿರಾಣಿ ಪಟ್ಟಿ ನೆನಪಾಗುತ್ತಿತ್ತು. ನನಗಂತೂ ಜಾಗಕ್ಕಿಂತ ಹೊತ್ತೇ ಮುಖ್ಯ ಅನ್ನಿಸಿತು.

ಡಲ್ಲಾಸ್‌ಗೆ ಬಂದಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು. ನಮ್ಮ ಕನ್ನಡಿಗರು ಬೇಕಾದಷ್ಟು ಇರುವ ಅರ್ವಿಂಗ್‌ನಲ್ಲೇ ಸಿಸ್ಟರ್ಶಿಯನ್ ಸಂನ್ಯಾಸಿಗಳ ಮಠವಿದೆ. 1950ರಲ್ಲಿ ಹಂಗೇರಿಯ ಕಮ್ಯುನಿಸ್ಟ್ ಸರ್ಕಾರ ಜಿರ್ಕ್ ಎಂಬಲ್ಲಿದ್ದ ಅವರ ಮಠವನ್ನು ಮುಚ್ಚಿಸಿತು. ದೇಶ ಬಿಟ್ಟವರಲ್ಲಿ ಕೆಲವರು ಆ ದಶಕದಲ್ಲೇ ಇಲ್ಲಿಗೆ ಬಂದು ಪಾಠ ಹೇಳುತ್ತಾ ನೆಲೆಸಿದರು. 1992ರಲ್ಲಿ ಟೆಕ್ಸಾಸಿನ ಸುಣ್ಣಕಲ್ಲಿನ ದಪ್ಪ ದಪ್ಪ ದಿಂಡುಗಳಿಂದ ಚರ್ಚ್ ಕಟ್ಟಿಕೊಂಡರು. ಸಂಜೆ ಪ್ರಾರ್ಥನೆಗೆ ಯಾರು ಬೇಕಾದರೂ ಹೋಗಬಹುದು. ಮನಸ್ಸಿರಲಿ ಬಿಡಲಿ, ಹೊತ್ತಾದರೆ ಬಂದು ನಿಲ್ಲುತ್ತಾರೆ. ನಿಮ್ಮ ಮನೆಯ ಅಜ್ಜ ಸಂಧ್ಯಾವಂದನೆಗೆ ಕೂರುತ್ತಿದ್ದ ಹಾಗೆ. ಮೊದಲ ದಿನ ಹಿಂದಿನ ಸಾಲಿನಲ್ಲಿ ಕೂತವಳಿಗೆ ಶೆಟ್ಟಿಹಳ್ಳಿಯೇ ಕಣ್ಣ ಮುಂದೆ ಬಂತು.

ಕೊನೆಯ ವರ್ಷಗಳಲ್ಲಿ ಅಮ್ಮನಿಗೆ ಮರೆವು ಬಂತು. ಆ ವೇಳೆಗೆ ಫೋನ್ ಅಗ್ಗವಾಗಿತ್ತು, ದಿನಾ ಮಾಡುತ್ತಿದ್ದೆ. ನನ್ನ ಹೆಸರು ಮರೆತರು. "ಆರಾಯ್ತೇನವ್ವಾ?" ಎಂದು ಕೇಳುವುದನ್ನು ಮಾತ್ರ ಮರೆಯಲಿಲ್ಲ. ನಾನು ಶುರುಮಾಡಿದರೆ ಪ್ರಾರ್ಥನೆಯನ್ನು ಅವರು ತಪ್ಪಿಲ್ಲದೆ ಮುಗಿಸುತ್ತಿದ್ದರು. 2019ರಲ್ಲಿ ತೀರಿಕೊಂಡರು.

ಈಗಲೂ ಚಳಿಗಾಲಕ್ಕೆ ಆರೂವರೆ, ಬೇಸಿಗೆಗೆ ಏಳೂವರೆ. ಕ್ಲಾಸೆಟ್ ಸ್ವಲ್ಪ ದೊಡ್ಡದಾಗಿದೆ. ಕೆಲವು ದಿನ ಒಂದು ಪದವೂ ಬರುವುದಿಲ್ಲ, ಜಪಸರ ಹಿಡಿದು ಸುಮ್ಮನೆ ಕೂತಿರುತ್ತೇನೆ. ಆ ಕಾಲು ಗಂಟೆ ನನ್ನ ಫೋನ್ ಅಡುಗೆಮನೆಯಲ್ಲಿರುತ್ತದೆ. ಸಂಘದ ಅಡುಗೆ ಕೆಲಸದ ಬಗ್ಗೆ ಯಾರಾದರೂ ಆಗ ಕರೆ ಮಾಡಿ ನಾನು ಎತ್ತದಿದ್ದರೆ, ದಯವಿಟ್ಟು ಬೇಸರಿಸಬೇಡಿ.